ಪೆನ್ಸಿಲ್ ಇಲ್ಲದ ಹದಿನಾರು ತಿಂಗಳು

ಹೋದ ತಿಂಗಳು ನಮ್ಮೂರಿನ ಒಂದು ಶಾಲೆಯ ಒಂದನೇ ತರಗತಿ ಟೀಚರ್ ನಮ್ಮ ನರ್ಸರಿ ಹುಡುಕಿಕೊಂಡು ಬಂದರು. "ನಿಮ್ಮಲ್ಲಿಂದ ಬಂದ ಮಕ್ಕಳು ಬರೆಯುವಾಗ ಕೈ ನೋಯುತ್ತೆ ಅಂತ ಅಳೋದೇ ಇಲ್ಲ ಮೇಡಂ, ಏನ್ ಮಾಡಿಸ್ತೀರಾ?" ಅಂತ ಕೇಳಿದರು. ಈ ಮಾತಿಗೆ ನಾನು ಮೂರು ವರ್ಷ ಕಾದಿದ್ದೆ. ಹದಿನಾರು ತಿಂಗಳು ಪೆನ್ಸಿಲ್ ಕೊಡದೆ ಮಕ್ಕಳ ಕೈಯನ್ನು ಬರೆಯಲು ತಯಾರು ಮಾಡಿದ್ದು ಹೇಗೆ ಅಂತ, ನರ್ಸರಿ ನಡೆಸುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ. ಆಟದಿಂದ ಮಗು ಹೇಗೆ ಕಲಿಯುತ್ತೆ ಅನ್ನುವುದು ನಿಮಗೇ ಗೊತ್ತಿದೆ, ಅದನ್ನು ಬಿಡುತ್ತೇನೆ.

ನನ್ನದು ತಿಪಟೂರಿನಲ್ಲಿ ಬಾಡಿಗೆ ಮನೆಯ ನರ್ಸರಿ. ಎರಡು ಕೋಣೆ, ಒಂದು ಪಡಸಾಲೆ, ಹಿಂದೆ ಹಿತ್ತಲು. 2016ರಲ್ಲಿ ಶುರು ಮಾಡಿದಾಗ ನಾನೂ ಎಲ್ಲರ ಹಾಗೆಯೇ ಇದ್ದೆ. ಎಲ್‌ಕೆಜಿಯಲ್ಲೇ ಅಆಇಈ, ಎಬಿಸಿಡಿ, ನೂರರವರೆಗೆ ಅಂಕಿ, ದಿನಾ ಎರಡು ಪುಟ ಹೋಂವರ್ಕ್. ಕೊರೊನಾ ಆದ ಮೇಲೆ 2021ರ ನವೆಂಬರ್‌ನಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯಲು ಬಿಟ್ಟರಲ್ಲ, ಆಗ ಬಂದ ಮಕ್ಕಳನ್ನು ನೋಡಿ ಎದೆ ಧಸಕ್ಕೆಂದಿತು. ನಾಲ್ಕೂವರೆ ವರ್ಷದ ಮಗುವಿಗೆ ಶರ್ಟಿನ ಗುಂಡಿ ಹಾಕಲು ಬರುತ್ತಿರಲಿಲ್ಲ. ತಿಂಡಿ ಡಬ್ಬಿಯ ಮುಚ್ಚಳ ತೆಗೆಯಲು ಶಕ್ತಿ ಇರಲಿಲ್ಲ. ಮೊಬೈಲ್ ಮೇಲೆ ಬೆರಳು ಜಾರಿಸುವುದು ಮಾತ್ರ ಚೆನ್ನಾಗಿ ಬರುತ್ತಿತ್ತು. ಪೆನ್ಸಿಲ್ ಕೊಟ್ಟರೆ ಮುಷ್ಟಿಯಲ್ಲಿ ಹಿಡಿದು ಹಾಳೆ ಹರಿಯುವ ಹಾಗೆ ಒತ್ತುತ್ತಿದ್ದವು. ಮಾತೂ ಅಷ್ಟೇ, ಬೇಕು ಬೇಡ ಅನ್ನುವುದರಲ್ಲಿ ಮುಗಿಯುತ್ತಿತ್ತು. ಅಂಥ ಮಕ್ಕಳ ಕೈ ಹಿಡಿದು ನಾನು ಬರೆಸಿದ್ದೇ ಬರೆಸಿದ್ದು. ಮಾರ್ಚ್ ಹೊತ್ತಿಗೆ ಇಬ್ಬರು ಬೆಳಗ್ಗೆ ಯೂನಿಫಾರ್ಮ್ ನೋಡಿದರೆ ವಾಂತಿ ಮಾಡಿಕೊಳ್ಳುತ್ತಿದ್ದರು. ಆ ತಪ್ಪು ನನ್ನದು, ಇವತ್ತಿಗೂ ಮನಸ್ಸಿಗೆ ಚುಚ್ಚುತ್ತೆ.

2022ರ ಜೂನ್‌ನಲ್ಲಿ ನಿರ್ಧಾರ ಮಾಡಿದೆ. ಮೊದಲು ಕೈ ಮತ್ತು ಬಾಯಿ ಬಲಿಯಬೇಕು, ಅಕ್ಷರ ಆಮೇಲೆ. ಯುಕೆಜಿಯ ದಸರಾ ರಜೆ ಮುಗಿಯುವ ತನಕ ಪೆನ್ಸಿಲ್ ಇಲ್ಲ. ನಮ್ಮ ಮಾವ ಕೇಳಿದ ತಕ್ಷಣ, "ಅಂಗನವಾಡೀಲಿ ಪುಕ್ಕಟೆ ಆಡಿಸ್ತಾರೆ ಕಣಮ್ಮ, ನಿನಗ್ಯಾಕೆ ದುಡ್ಡು ಕೊಡ್ತಾರೆ?" ಅಂದರು. ಆ ಮಾತು ಹಿಡಿದುಕೊಂಡು ನಾನು ನಿಜವಾಗಿಯೂ ನಮ್ಮ ಬೀದಿಯ ಅಂಗನವಾಡಿಗೆ ಹೋಗಿ ಒಂದು ವಾರ ಕೂತೆ. ಅಲ್ಲಿನ ಟೀಚರ್ ಒಂದು ಚೊಂಬು, ನಾಲ್ಕು ತೆಂಗಿನ ಚಿಪ್ಪು ಇಟ್ಟುಕೊಂಡು ಇಪ್ಪತ್ತು ಮಕ್ಕಳನ್ನು ಅರ್ಧ ಗಂಟೆ ಕೂರಿಸುವುದನ್ನು ನೋಡಿದೆ. 1975ರಲ್ಲಿ ಟಿ. ನರಸೀಪುರದಲ್ಲಿ ನಮ್ಮ ರಾಜ್ಯದ ಅಂಗನವಾಡಿಗಳು ಶುರುವಾದವು. ಐವತ್ತು ವರ್ಷದ ಕೆಲಸ ಪಕ್ಕದಲ್ಲೇ ಇದ್ದರೂ ನಾವು ಖಾಸಗಿಯವರು ಇಣುಕಿ ನೋಡುವುದಿಲ್ಲ. ಇದು ದೊಡ್ಡ ತಪ್ಪು.

ಅಷ್ಟರಲ್ಲಿ ಚೈನು ಗಿರವಿ ಇಟ್ಟು ಸುಮಾರು 65 ಸಾವಿರ ಕೊಟ್ಟು, ಮಕ್ಕಳು ಕೈಯಾರೆ ಜೋಡಿಸಿ ಕಲಿಯುವ ಮಾಂಟೆಸ್ಸರಿ ಸಾಮಾನು ತರಿಸಿಬಿಟ್ಟಿದ್ದೆ. ಸಾಮಾನು ಚೆನ್ನಾಗಿಯೇ ಇತ್ತು. ಆದರೆ ಅದನ್ನು ಬಳಸುವ ತರಬೇತಿ ನನಗೂ ಇರಲಿಲ್ಲ, ಆಯಾಗೂ ಇರಲಿಲ್ಲ. ಎರಡು ತಿಂಗಳಲ್ಲಿ ಅರ್ಧ ಬಿಡಿಭಾಗ ಕಳೆದುಹೋದವು. ಉಳಿದದ್ದನ್ನು 20 ಸಾವಿರಕ್ಕೆ ಮಾರಿದೆ.

ಆಮೇಲೆ ಮರಳು. ಅಗ್ಗ ಅಂತ ಎಂ-ಸ್ಯಾಂಡ್, ಅಂದರೆ ಕಲ್ಲು ಪುಡಿ ಮಾಡಿದ ಮರಳು, ಹಾಕಿಸಿದೆ, ಮಕ್ಕಳ ಮಂಡಿ, ಅಂಗೈ ತರಚಿ ಹೋದವು. ಮತ್ತೆ ದುಡ್ಡು ಕೊಟ್ಟು ಎತ್ತಿಸಿ, ಹೊಳೆ ಮರಳು ತರಿಸಿ ಜರಡಿ ಹಿಡಿಸಿದೆ. ಮೊರದಲ್ಲಿ ರಾಗಿ ಹರಡಿ ಬೆರಳಲ್ಲಿ ಗೀಚಿಸೋಣ ಅಂತ ಹೋದರೆ ಮೊದಲು ಇರುವೆ, ಆಮೇಲೆ ಇಲಿ. ಎಲ್ಲಕ್ಕಿಂತ ಭಯ ಆಗಿದ್ದು ಹುಣಸೆ ಬೀಜದಿಂದ. ಮೂರು ವರ್ಷದ ಹುಡುಗಿ ಒಂದು ಬೀಜವನ್ನು ಮೂಗಿಗೆ ತುರುಕಿಕೊಂಡಳು. ಆಸ್ಪತ್ರೆಗೆ ಓಡಿದೆವು, ಡಾಕ್ಟರ್ ತೆಗೆದರು, ಏನೂ ಆಗಲಿಲ್ಲ. ಅವತ್ತಿನಿಂದ ನಾಲ್ಕು ತುಂಬದ ಮಕ್ಕಳ ಹತ್ತಿರ ಬೀಜ, ಮಣಿ, ಗುಂಡಿ ಏನೂ ಸುಳಿಯುವುದಿಲ್ಲ. ಅವರಿಗೆ ಚಿಪ್ಪು, ಚೊಂಬು, ಬಟ್ಟೆ ಅಷ್ಟೇ. ದೊಡ್ಡ ಮಕ್ಕಳಿಗೆ ಅಳಗುಳಿಮಣೆ. ಹದಿನಾಲ್ಕು ಗುಳಿಗೆ ಕಾಯಿ ಹಾಕುತ್ತಾ ಹಾಕುತ್ತಾ ಎಣಿಸುವುದನ್ನು ಅವರೇ ಕಲಿಯುತ್ತಾರೆ.

ಕೊನೆಗೆ ನಿಂತ ಕ್ರಮ ಇದು. ಬೆಳಗ್ಗೆ ನಲವತ್ತು ನಿಮಿಷ ಕೈಕೆಲಸ. ಒದ್ದೆ ಬಟ್ಟೆ ಹಿಂಡುವುದು, ಬಟ್ಟೆಗೆ ಕ್ಲಿಪ್ ಹಾಕುವುದು, ಚೊಂಬಿನಿಂದ ಚಿಪ್ಪಿಗೆ ಚೆಲ್ಲದೆ ನೀರು ಸುರಿಯುವುದು, ಅವರೆಕಾಯಿ ಸುಲಿಯುವುದು. ಆಮೇಲೆ ಹಿಟ್ಟು. ಮೈದಾಗೆ ಉಪ್ಪು, ಎಣ್ಣೆ ಹಾಕಿ ಕಲಸಿದರೆ ನಾಲ್ಕೈದು ದಿನ ಬರುತ್ತೆ. ನಾನು ಇನ್ನೊಂದು ಪದಾರ್ಥ ಹಾಕುತ್ತೇನೆ, ಹದಿನೈದು ದಿನ ಕೆಡಲ್ಲ. ಅದನ್ನು ಇಲ್ಲಿ ಹೇಳುವುದಿಲ್ಲ.

ಆ ಹಿಟ್ಟಿನಲ್ಲಿ ಚಕ್ಕುಲಿ ಸುತ್ತಿಸುತ್ತೇನೆ. ನಮ್ಮ ಕನ್ನಡ ಅಕ್ಷರ ಎಲ್ಲಾ ದುಂಡು, ಅಲ್ವಾ? ಕೈಗೆ ಸುತ್ತು ಬರದೆ ಅಕ್ಷರ ಬರಲ್ಲ. ಹಿಟ್ಟಿನ ಚಕ್ಕುಲಿ ಆಯಿತು, ನಂತರ ಕಪ್ಪು ಬಣ್ಣ ಬಳಿದ ಗೋಡೆ ಮೇಲೆ ಒದ್ದೆ ಬ್ರಶ್ಶಿನಲ್ಲಿ ದೊಡ್ಡ ದೊಡ್ಡ ಬಳೆ. ನಿಂತು ಗೋಡೆ ಮೇಲೆ ಬಿಡಿಸಿದರೆ ಭುಜಕ್ಕೆ ಬಲ ಬರುತ್ತೆ. ಯುಕೆಜಿಗೆ ಬಂದ ಮೇಲೆ ಸ್ಲೇಟು. ಬಳಪವನ್ನು ಮುರಿದು ಒಂದಿಂಚಿಗಿಂತ ಚಿಕ್ಕ ತುಂಡು ಮಾಡಿ ಕೊಡಿ. ಅಷ್ಟು ಚಿಕ್ಕದನ್ನು ಮುಷ್ಟಿಯಲ್ಲಿ ಹಿಡಿಯಲು ಆಗಲ್ಲ, ಮೂರು ಬೆರಳು ತಾನಾಗಿ ಸೇರುತ್ತವೆ. ಅಕ್ಷರ ಶುರುವಾದಾಗ ಅಆಇಈ ಬಿಟ್ಟು, ಸರ್ಕಾರಿ ಶಾಲೆಗಳ ನಲಿಕಲಿ ಪದ್ಧತಿಯ ರ, ಗ, ಸ, ದ, ಅ ಕ್ರಮ ಹಿಡಿದೆ. ಯಾವ ಮಗುವಿನ ಕೈ ಪೆನ್ಸಿಲ್‌ಗೆ ತಯಾರು ಅಂತ ತಿಳಿಯಲು ಅರ್ಧ ನಿಮಿಷದ ಪರೀಕ್ಷೆ ಒಂದಿದೆ. ಅದನ್ನೂ ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಂಡಿದ್ದೇನೆ.

ಮಾತಿಗೆ ಬೇರೆ ಖರ್ಚಿಲ್ಲ. ದಿನಾ ಎಲ್ಲರೂ ಸುತ್ತ ಕೂತು ನಿನ್ನೆ ಮನೆಯಲ್ಲಿ ಏನಾಯಿತು ಅಂತ ಹೇಳಬೇಕು. ರಾಜಸ್ಥಾನದ ಅಂಗಡಿಯವರ ಹುಡುಗ ಐದು ತಿಂಗಳು ಬಾಯಿ ಬಿಡಲಿಲ್ಲ. ನಾನು ಬಲವಂತ ಮಾಡಲಿಲ್ಲ. ಒಂದು ದಿನ ಇದ್ದಕ್ಕಿದ್ದ ಹಾಗೆ "ಮಿಸ್, ಮಳೆ ಬಂತು, ಚಡ್ಡಿ ಒದ್ದೆ" ಅಂದ. ಆಯಾ ಅವನನ್ನು ಎತ್ತಿ ಮುದ್ದಾಡಿಬಿಟ್ಟಳು. ಜೂನ್ ತಿಂಗಳ ಅಳುವಿಗೂ ಒಂದು ಪ್ರಯೋಗ ಮಾಡಿದೆ. ಅಮ್ಮನ ಹಳೇ ಸೀರೆಯ ಒಂದು ತುಂಡು, ಒಗೆಯದೆ, ಬ್ಯಾಗಿನಲ್ಲಿ ಇಟ್ಟು ಕಳಿಸಲು ಹೇಳಿದೆ. ಹತ್ತರಲ್ಲಿ ಆರೇಳು ಮಕ್ಕಳಿಗೆ ಕೆಲಸ ಮಾಡಿತು.

ದುಡ್ಡಿನ ಕಷ್ಟ ಹೇಳಲೇಬೇಕು. ಆಗ ವರ್ಷಕ್ಕೆ 12 ಸಾವಿರ ಫೀಸು, ಬಾಡಿಗೆ ತಿಂಗಳಿಗೆ 6 ಸಾವಿರ. ಹೊಸ ಕ್ರಮಕ್ಕೆ 38 ಮಕ್ಕಳಿದ್ದದ್ದು ಮೂರು ತಿಂಗಳಲ್ಲಿ 22ಕ್ಕೆ ಇಳಿಯಿತು. "ಬರೀ ಮಣ್ಣಾಡ್ಸೋಕೆ ಇಷ್ಟ್ ದುಡ್ಡಾ ಮೇಡಂ?" ಅಂತ ಗೇಟಿನಲ್ಲೇ ಕೇಳಿ ಟಿಸಿ ಒಯ್ದರು. ಮಾರನೇ ವರ್ಷ ಕೊಬ್ಬರಿ ಬೆಲೆ ಬಿತ್ತು. 2023ರಲ್ಲಿ ಬೆಂಬಲ ಬೆಲೆ 11,750 ಇದ್ದರೂ ಮಾರ್ಕೆಟ್‌ನಲ್ಲಿ ಕ್ವಿಂಟಾಲಿಗೆ 8 ಸಾವಿರದ ಆಸುಪಾಸು. ನಮ್ಮೂರಲ್ಲಿ ಕೊಬ್ಬರಿ ಬಿದ್ದರೆ ಫೀಸು ಬರಲ್ಲ. ಅರ್ಧ ಮನೆಗಳಿಂದ ಬಾಕಿ. ಆಯಾ ಸಂಬಳಕ್ಕೆ ಬಳೆಯೂ ಗಿರವಿಗೆ ಹೋಯಿತು. ಯಾರನ್ನೂ ಫೀಸಿಗಾಗಿ ಹೊರಗೆ ನಿಲ್ಲಿಸಲಿಲ್ಲ.

ಆ 22 ಮಕ್ಕಳಲ್ಲಿ ನಾಲ್ವರ ಮನೆಯವರು ಹಟ ಹಿಡಿದು ಮನೆಯಲ್ಲಿ ಪೆನ್ಸಿಲ್ ಕೊಟ್ಟು ಬರೆಸುತ್ತಿದ್ದರು. ಅದರಿಂದ ನನಗೆ ಹೋಲಿಸಿ ನೋಡಲು ಸಿಕ್ಕಿತು. ಉಳಿದ 18 ಮಕ್ಕಳಿಗೆ 2023ರ ದಸರಾ ಆದ ಮೇಲೆ ಪೆನ್ಸಿಲ್ ಕೊಟ್ಟೆ. ಸಂಕ್ರಾಂತಿ ಹೊತ್ತಿಗೆ ಇಬ್ಬರನ್ನು ಬಿಟ್ಟು ಎಲ್ಲರೂ ತಮ್ಮ ಹೆಸರು ಬರೆದರು. ಮೊದಲೇ ಬರೆಯುತ್ತಿದ್ದ ನಾಲ್ವರಲ್ಲಿ ಮೂವರಿಗೆ ತಪ್ಪು ಹಿಡಿತ ಬಿಡಿಸಲು ಬೇಸಿಗೆ ತನಕ ಆಯಿತು. ಹಿಂದೆ ಉಳಿದ ಇಬ್ಬರಲ್ಲಿ ಒಬ್ಬನಿಗೆ ಕಣ್ಣಿನ ತೊಂದರೆ ಇತ್ತು, ಕನ್ನಡಕ ಬಂದ ಮೇಲೆ ಸರಿಹೋದ. 2024ರ ಜೂನ್‌ನಲ್ಲಿ ಅವರೆಲ್ಲ ಒಂದನೇ ತರಗತಿಗೆ ಹೋದರು. ಆವತ್ತು ಬಂದ ಟೀಚರ್ ಕೇಳಿದ್ದು ಇವರ ಬಗ್ಗೆಯೇ, ಇವರ ಹಿಂದಿನ ವರ್ಷದವರ ಬಗ್ಗೆ ಅಲ್ಲ.

ಒಂದನೇ ತರಗತಿಗೆ ಸೇರಲು ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಅನ್ನುವ ನಿಯಮ ನನಗೆ ದೊಡ್ಡ ಆಸರೆ. 2025ರ ಏಪ್ರಿಲ್‌ನಲ್ಲಿ ಅದನ್ನು ಆ ವರ್ಷದ ಮಟ್ಟಿಗೆ ಐದು ವರ್ಷ ಐದು ತಿಂಗಳಿಗೆ ಸಡಿಲಿಸಿದಾಗ ಐದಾರು ಮಕ್ಕಳನ್ನು ಬೇಗ ಕಳಿಸಿಬಿಟ್ಟರು. ಇನ್ನೊಂದು ವರ್ಷ ಸಿಕ್ಕಿದ್ದರೆ ಅಂತ ಇನ್ನೂ ಅನಿಸುತ್ತೆ.

ಈಗ 46 ಮಕ್ಕಳಿದ್ದಾರೆ. ಕೊಬ್ಬರಿ ಬೆಲೆಯೂ ಏರಿತು, ಬಳೆ ಬಿಡಿಸಿಕೊಂಡೆ, ಚೈನು ಇನ್ನೂ ಬ್ಯಾಂಕಿನಲ್ಲಿದೆ. ಮಾವನೇ ಈಗ ಸೊಗಡಿನ ಅವರೆಕಾಯಿ ಸೀಸನ್ ಬಂದರೆ ಸಂತೆಯಿಂದ ಎರಡು ಚೀಲ ಹೊರಿಸಿಕೊಂಡು ಬರುತ್ತಾರೆ. ಒಂದು ಚೀಲ ಸುಲಿಯಲು ನಮ್ಮ ಮಕ್ಕಳಿಗೆ ಎರಡು ಬೆಳಗು ಸಾಕು.