ಹತ್ತು ದಿನದ ರಜೆ, ಮೂರು ಎಕರೆ ತೊಗರಿ

"ಬರೂದಿದ್ರ ಕೀಡಿ ಬಿದ್ದಾಗ ಬಾ ತಮ್ಮಾ. ಎಳ್ಳಮಾಸಿಗಿ ಎಲ್ಲಾರೂ ಬರ್ತಾರ."

ನಿಮ್ಮ ಹೊಲದಲ್ಲಿ ಹತ್ತು ದಿನ ಇದ್ದು ಕೆಲಸ ಮಾಡ್ತೀನಿ ಅಂದಾಗ ಕಾಕಾ ಹೇಳಿದ ಮಾತಿದು. ಕೀಡಿ ಅಂದರೆ ಹುಳ; ಎಳ್ಳಮಾಸಿ ಅಂದರೆ ಎಲ್ಲರೂ ಹೊಲಕ್ಕೆ ಹೋಗಿ ಉಣ್ಣುವ ಎಳ್ಳ ಅಮಾವಾಸ್ಯೆ ಹಬ್ಬ. ಆಳಂದ ತಾಲ್ಲೂಕಿನಲ್ಲಿ ಅವರದು ಆರು ಎಕರೆ ಕರಿಮಣ್ಣಿನ ಹೊಲ. ಮೂರು ಎಕರೆ ತೊಗರಿ, ಉಳಿದದ್ದು ಬಿಳಿಜೋಳ ಮತ್ತು ಕಡಲೆ. ಸರ್ಕಾರಿ ಗೊಬ್ಬರ, ಎಣ್ಣೆ, ಅಂದರೆ ರಾಸಾಯನಿಕ ಗೊಬ್ಬರ, ಕೀಟನಾಶಕ ಬಿಟ್ಟು ಎಂಟು ವರ್ಷವಾಗಿದೆ. ನಾನು ಕಲಬುರಗಿಯಲ್ಲಿ ನೌಕರಿ ಮಾಡುವವನು. ಪ್ರತಿ ವರ್ಷ ಅವರಿಂದಲೇ ಬೇಳೆ ತರುತ್ತಿದ್ದೆ, ಹೊಲ ಮಾತ್ರ ನೋಡಿರಲಿಲ್ಲ.

ಹೀಗೆ ದುಡಿದು ಉಣ್ಣುವ ರಜೆಗೆ ಬೇರೆ ದೇಶಗಳಲ್ಲಿ ಒಂದು ವ್ಯವಸ್ಥೆಯೇ ಇದೆ. 1971ರಲ್ಲಿ ಲಂಡನ್ನಿನಲ್ಲಿ ಸೆಕ್ರೆಟರಿಯಾಗಿದ್ದ ಸೂ ಕೊಪ್ಪರ್ಡ್ ಅದನ್ನು ಶುರು ಮಾಡಿದರು. ಈಗ ಅದನ್ನು ವೂಫ್ ಅಂತಾರೆ. ದಿನಕ್ಕೆ ಕೆಲವು ಗಂಟೆ ಕೆಲಸ, ಬದಲಿಗೆ ಊಟ, ವಸತಿ. ನಾನು ಯಾವುದಕ್ಕೂ ಹೆಸರು ಬರೆಸಲಿಲ್ಲ, ಲೆಕ್ಕ ಮಾತ್ರ ಅದೇ ಇಟ್ಟುಕೊಂಡೆ. ಹೋಗುವ ಮೊದಲೇ ಮಾತಾಡಿಕೊಂಡೆವು: ಬೆಳಿಗ್ಗೆ ಮೂರು ತಾಸು, ಸಂಜೆ ಎರಡು ತಾಸು ಕೆಲಸ. ರೊಕ್ಕ ನಾನೂ ಕೊಡುವುದಿಲ್ಲ, ಅವರೂ ಕೊಡುವುದಿಲ್ಲ. ಇದನ್ನು ಬಾಯಿಬಿಟ್ಟು ಹೇಳಿಕೊಳ್ಳಲೇಬೇಕು. ಇಲ್ಲದಿದ್ದರೆ ನಮ್ಮ ಕಡೆ ಮನೆಗೆ ಬಂದವರನ್ನು ಕೆಲಸಕ್ಕೆ ಹಚ್ಚುವುದೇ ಇಲ್ಲ, ಹೊರಸಿನ ಮೇಲೆ ಕೂಡಿಸಿ ಚಹಾ ಕೊಡುತ್ತಾರೆ.

ನವೆಂಬರ್‌ನಲ್ಲಿ ಹೋದೆ. ತೊಗರಿ ನನ್ನ ತಲೆಗಿಂತ ಎತ್ತರ, ಹಳದಿ ಹೂವು, ಅಲ್ಲಲ್ಲಿ ಎಳೆ ಕಾಯಿ. ಕಾಯಿಕೊರಕ ಬೀಳುವುದು ಇದೇ ಹೊತ್ತಿಗೆ. ಹಸಿರು ಕೀಡಿ ತಲೆಯನ್ನು ಕಾಯಿಯೊಳಗೆ ತೂರಿಸಿ ಕಾಳು ತಿನ್ನುತ್ತದೆ, ಮೈ ಹೊರಗೇ ಇರುತ್ತದೆ.

ಔಷಧಿ ಹೊಡೆಯದವರು ಏನು ಮಾಡ್ತಾರೆ? ಗಿಡ ಅಲುಗಾಡಿಸುತ್ತಾರೆ! ನಿಜವಾಗಿ ಅಷ್ಟೇ. ಒಬ್ಬರು ಸಾಲಿನ ನಡುವೆ ತಾಡಪತ್ರಿ ಹಿಡಿದು ನಡೆಯಬೇಕು. ಇಬ್ಬರು ಆಚೆ ಈಚೆ ನಿಂತು ಗಿಡ ಬಗ್ಗಿಸಿ ಮೂರು ನಾಲ್ಕು ಸಲ ಜಾಡಿಸಬೇಕು. ಪಟಪಟ ಅಂತ ಕೀಡಿ ಉದುರುತ್ತವೆ. 1990ರ ದಶಕದ ಕೊನೆಗೆ ಈ ಹುಳಕ್ಕೆ ಔಷಧಿಯೇ ನಾಟದೆ ನಮ್ಮ ಜಿಲ್ಲೆಯ ತೊಗರಿ ಹಾಳಾದಾಗ ರೈತರು ಈ ಹಳೇ ದಾರಿ ಹಿಡಿದಿದ್ದರು. ಹೈದರಾಬಾದ್ ಹತ್ತಿರದ ಕೃಷಿ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನ ವಿಜ್ಞಾನಿಗಳೂ ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ.

ಮೊದಲ ದಿನ ನಾನು ಜೋರಾಗಿ ಎಳೆದು ಒಂದು ಟೊಂಗೆ ಮುರಿದೆ. ಹೂವೂ ಉದುರಿದವು. ಕಾಕಿ ನನ್ನ ಕೈ ಮೇಲೆ ಕೈ ಇಟ್ಟು ತೋರಿಸಿದರು. "ಬುಡಕ್ಕ ಹಿಡೀಬ್ಯಾಡೋ ಯಪ್ಪಾ, ನಡಕ್ಕ ಹಿಡಿ. ಕೂಸಿನ ತೊಟ್ಟಿಲಾ ತೂಗಿದಂಗ ಆಗಬಾರದು, ಗಿಡಾ ಮುರದಂಗೂ ಆಗಬಾರದು." ಆ ಹದ ಕೈಗೆ ಬರಲು ಎರಡು ದಿನ ಬೇಕಾಯಿತು. ಅದಕ್ಕೇ ಹೇಳ್ತೀನಿ, ಶನಿವಾರ ಬಂದು ಭಾನುವಾರ ಹೋಗುವವರಿಂದ ರೈತರಿಗೆ ಕೆಲಸ ಜಾಸ್ತಿಯಾಗುತ್ತದೆ. ಕಲಿಸುವುದರಲ್ಲೇ ಅವರ ಹೊತ್ತು ಹೋಗುತ್ತದೆ. ಒಂದು ವಾರವಾದರೂ ಇರಬೇಕು.

ಉದುರಿದ ಕೀಡಿಯನ್ನು ಬಕೆಟ್‌ಗೆ ತುಂಬಿ ಕೋಳಿಗಳ ಮುಂದೆ ಸುರಿಯುವುದು ಕಾಕಾನ ಮೊಮ್ಮಗಳ ಕೆಲಸ. ಅದನ್ನು ಬೇರೆ ಯಾರಿಗೂ ಬಿಟ್ಟುಕೊಡಲಿಲ್ಲ ಅವಳು.

ಜಾಡಿಸಿದರೆ ದೊಡ್ಡವು ಬೀಳುತ್ತವೆ. ಮೊಟ್ಟೆ, ಸಣ್ಣ ಮರಿ ಗಿಡದಲ್ಲೇ ಉಳಿಯುತ್ತವೆ. ಅವಕ್ಕೆ ಬೇವಿನ ಬೀಜದ ಕಷಾಯ. ಮಳೆಗಾಲದ ಆರಂಭದಲ್ಲಿ ಆರಿಸಿ ನೆರಳಲ್ಲಿ ಒಣಗಿಸಿಟ್ಟ ಬೀಜ 5 ಕೆಜಿ ಕುಟ್ಟಿ, ಬಟ್ಟೆಯಲ್ಲಿ ಕಟ್ಟಿ ರಾತ್ರಿಯಿಡೀ ನೆನೆಹಾಕಿದೆವು. ಬೆಳಿಗ್ಗೆ ಚೆನ್ನಾಗಿ ಹಿಂಡಿ, ಸೋಸಿ, ನೀರು ಬೆರೆಸಿ 100 ಲೀಟರ್ ಮಾಡಿ, ಸ್ವಲ್ಪ ಸೋಪಿನ ನೀರು ಹಾಕಿದೆವು. ಹೊಡೆದದ್ದು ಸಂಜೆ ಬಿಸಿಲು ಇಳಿದ ಮೇಲೆ. ಬಿಸಿಲಿಗೆ ಬೇವಿನ ಕಸುವು ಬೇಗ ಹೋಗುತ್ತದೆ. ಬೆನ್ನಿಗೆ ಹದಿನೈದು ಲೀಟರ್ ಪಂಪು ಹೊತ್ತು ಕರಿಮಣ್ಣಿನಲ್ಲಿ ನಡೆದ ಆ ಸಂಜೆ ನನಗೆ ಅತಿ ಕಷ್ಟದ್ದು. ಭುಜ ಕೆಂಪಾಗಿತ್ತು.

ಕಡಲೆಗೆ ಜೀವಾಮೃತ ಅನ್ನುವ ದ್ರವ ಗೊಬ್ಬರ ಕೂಡ ಮಾಡಿದೆವು: 200 ಲೀಟರ್ ನೀರು, 10 ಕೆಜಿ ಸಗಣಿ, ಗಂಜಲ, ಬೆಲ್ಲ, ಕಡಲೆ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು. ನಾನು ಡ್ರಮ್ಮಿನ ಮುಚ್ಚಳ ಗಟ್ಟಿಯಾಗಿ ಹಾಕಿಬಿಟ್ಟಿದ್ದೆ. ಗಾಳಿ ಆಡಬೇಕು, ಗೋಣಿಚೀಲ ಹೊದಿಸಿದರೆ ಸಾಕು. ಕಾಕಾ ರಾತ್ರಿಯೇ ನೋಡಿ ತೆಗೆದರು, ಹಾಳಾಗಲಿಲ್ಲ.

ಹೋಗುವವರು ತುಂಬು ತೋಳಿನ ಹಳೇ ಅಂಗಿ, ಬ್ಯಾಟರಿ, ಹಾಸಿಗೆ ಒಯ್ಯಿರಿ. ರಾತ್ರಿ ಹೊಲದಲ್ಲಿ ಥಂಡಿ ಜಾಸ್ತಿ. ಊಟದ ಚಿಂತೆ ಬೇಡ. ಬಿಸಿ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಸಂಜೆಗೆ ಉಪ್ಪು ಹಾಕಿ ಕುದಿಸಿದ ಹಸಿ ತೊಗರಿಕಾಯಿ.

ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ, ಅಂದರೆ ಆ ಊರಿನದೇ ವಿಶೇಷ ಬೆಳೆ ಅನ್ನುವ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ನಮಗೆಲ್ಲ ಅದರ ಹೆಮ್ಮೆ ಇದೆ, ಅಲ್ವಾ? ಔಷಧಿ ಇಲ್ಲದೆ ಬೆಳೆದ ಒಂದು ಕಿಲೋ ಬೇಳೆಯ ಹಿಂದೆ ಎಷ್ಟು ಕೈ ಇರುತ್ತವೆ ಅಂತ ನನಗೆ ಆ ಹತ್ತು ದಿನಗಳ ಮೊದಲು ಗೊತ್ತಿರಲಿಲ್ಲ. ಕಾಕಾ ಬೆಲೆ ಹೇಳಿದಾಗ ಹಿಂದೆಲ್ಲ ಚೌಕಾಶಿ ಮಾಡುತ್ತಿದ್ದೆ. ಈಗ ಮಾಡುವುದಿಲ್ಲ.

ಮೊದಲ ದಿನ ಹತ್ತು ಗಿಡಕ್ಕೆ ಅರವತ್ತಕ್ಕೂ ಹೆಚ್ಚು ಕೀಡಿ ಎಣಿಸಿದ್ದೆ. ಹೊರಡುವ ದಿನ ಅದೇ ಸಾಲಿನಲ್ಲಿ ಒಂಬತ್ತು. ಜನವರಿಯಲ್ಲಿ, ತೊಗರಿ ಒಕ್ಕಿ ರಾಶಿ ಮಾಡುವ ಹೊತ್ತಿಗೆ ಕಾಕಾ ಫೋನ್ ಮಾಡಿದರು. "ರಾಶಿ ಐತಿ ತಮ್ಮಾ, ಎರಡು ದಿನ ಸೂಟಿ ಸಿಗ್ತದೇನು?" ಮರುದಿನ ಬೆಳಿಗ್ಗೆಯ ಮೊದಲ ಬಸ್ಸಿಗೇ ಹತ್ತಿದೆ.