ಗೇಟಿನ ತುಕ್ಕಿಗೆ ತಂತಿ ಬ್ರಶ್: ಒತ್ತಬೇಡಿ, ತಾಗಿಸಿ

ಕುಂದಾಪುರ, ಬೈಂದೂರು ಕಡೆ ಕಬ್ಬಿಣದ ಗೇಟನ್ನು ಉಪ್ಪುಗಾಳಿ ಬಿಡುವುದಿಲ್ಲ. ಮಳೆಗಾಲ ಮುಗಿಯುತ್ತಲೇ ನಮ್ಮ ವರ್ಕ್‌ಶಾಪಿಗೆ ತುಕ್ಕು ಹಿಡಿದ ಗೇಟು, ಕಿಟಕಿ ಗ್ರಿಲ್ಲುಗಳು ಬರಲು ಶುರುವಾಗುತ್ತವೆ. ಈಗ ತುಂಬಾ ಜನ ಕೈಯಲ್ಲಿ ಹಿಡಿಯುವ ನಾಲ್ಕಿಂಚಿನ ಆ್ಯಂಗಲ್ ಗ್ರೈಂಡರ್ ಕೊಂಡು, ಅದಕ್ಕೆ ತಂತಿ ಬ್ರಶ್ ಹಾಕಿ, ತುಕ್ಕು ತೆಗೆಯುವ ಕೆಲಸವನ್ನು ಮನೆಯಲ್ಲೇ ಮಾಡುತ್ತಾರೆ. ಮಾಡಲಿ, ಒಳ್ಳೆಯದೇ. ಆದರೆ ಚಕ್ರವನ್ನು ಮುಚ್ಚುವ ಲೋಹದ ಗಾರ್ಡ್ ಬಿಚ್ಚಿ, ಲುಂಗಿ ಉಟ್ಟು ಹಿಡಿದದ್ದು ನೋಡಿದರೆ ನನಗೆ ಎದೆ ಧಸಕ್ ಎನ್ನುತ್ತದೆ.

ಮೊದಲು ಆರ್‌ಪಿಎಂ ಓದಿ. ಈ ಗ್ರೈಂಡರ್ ಖಾಲಿ ಓಡುವಾಗ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಬ್ರಶ್ಶಿನ ಅಥವಾ ಚಕ್ರದ ಮೇಲಿರುವ ಸಂಖ್ಯೆ ಅದಕ್ಕಿಂತ ಕಡಿಮೆ ಇರಲೇಬಾರದು. ಗಾರ್ಡ್ ತೆಗೆದು ಏಳಿಂಚಿನ ಚಕ್ರ ಕೂರಿಸುವವರಿದ್ದಾರೆ. ಆ ಅಳತೆಯ ಚಕ್ರದ ಅಂಚು ಇದೇ ಗ್ರೈಂಡರಿನಲ್ಲಿ ಸೆಕೆಂಡಿಗೆ 100 ಮೀಟರ್ ದಾಟುತ್ತದೆ. ಆ ಚಕ್ರ ಮಾಡಿರುವುದು 80 ಮೀಟರಿಗೆ. ಒಡೆದರೆ ತುಂಡು ಎತ್ತ ಹಾರುತ್ತದೆ ಎಂದು ಯಾರೂ ಹೇಳಲಾಗದು. ಚಕ್ರದ ನಡುವಿನ ಲೋಹದ ರಿಂಗಿನ ಮೇಲೆ ತಿಂಗಳು, ವರ್ಷ ಒತ್ತಿದ್ದರೆ ಅದನ್ನೂ ನೋಡಿ. ಅವಧಿ ಮುಗಿದದ್ದು, ಒದ್ದೆಯಾದದ್ದು, ಕೆಳಗೆ ಬಿದ್ದದ್ದು ಬೇಡ.

ಹೊಸ ಬ್ರಶ್ ಕೂರಿಸಿದ ಮೇಲೆ ಪಕ್ಕಕ್ಕೆ ನಿಂತು ಒಂದು ನಿಮಿಷ ಸುಮ್ನೆ ಓಡಿಸಿ. ಸಡಿಲ ತಂತಿಗಳು ಆಗಲೇ ಹಾರಿಹೋಗುತ್ತವೆ.

ಇನ್ನು ಒತ್ತುವ ವಿಷಯ. ಇದನ್ನೇ ನಾನು ಹುಡುಗರಿಗೆ ಮತ್ತೆ ಮತ್ತೆ ಹೇಳುವುದು. ತಂತಿ ಬ್ರಶ್ ಕೆಲಸ ಮಾಡುವುದು ತಂತಿಯ ತುದಿಯಿಂದ. ಜೋರಾಗಿ ಒತ್ತಿದರೆ ತಂತಿ ಬಾಗಿ ಅದರ ಹೊಟ್ಟೆ ಉಜ್ಜುತ್ತದೆ. ತುಕ್ಕು ಬಿಡುವುದಿಲ್ಲ, ಬಿಸಿ ಏರುತ್ತದೆ, ಬಾಗಿ ಬಾಗಿ ಸೋತ ತಂತಿ ಮುರಿದು ಸೂಜಿಯ ಹಾಗೆ ಹಾರುತ್ತದೆ. ಗ್ರೈಂಡರಿನ ಭಾರವೇ ಸಾಕು. ಸದ್ದು ಕುಗ್ಗಿತು ಎಂದರೆ ನೀವು ಜಾಸ್ತಿ ಒತ್ತುತ್ತಿದ್ದೀರಿ. ದಪ್ಪ ತುಕ್ಕಿಗೂ ವೆಲ್ಡಿಂಗ್ ಮೇಲೆ ಕೂರುವ ಗಟ್ಟಿ ಪದರಕ್ಕೂ (ಸ್ಲ್ಯಾಗ್) ಹೆಣೆದ ತಂತಿಯ ಬ್ರಶ್ ತೆಗೆದುಕೊಳ್ಳಿ, ತೆಳು ತುಕ್ಕಿಗೆ ಸುಕ್ಕು ತಂತಿಯದು ಸಾಕು. ಸ್ಟೀಲ್ ರೇಲಿಂಗಿಗೆ ಮಾತ್ರ ಸ್ಟೇನ್‌ಲೆಸ್ ಬ್ರಶ್ಶೇ ಬೇಕು. ಸಾದಾ ಬ್ರಶ್ ಬಿಟ್ಟುಹೋದ ಕಬ್ಬಿಣದ ಕಣಗಳು ಆಮೇಲೆ ಅಲ್ಲೇ ತುಕ್ಕು ಹಿಡಿಯುತ್ತವೆ.

ಗೇಟಿನ ಸರಳಿನ ಅಂಚಿಗೆ ಬಂದಾಗ ಬ್ರಶ್ ಅಂಚಿನಿಂದ ಹೊರಕ್ಕೆ ಓಡುವಂತೆ ಹಿಡಿಯಿರಿ. ಅಂಚಿಗೆ ಎದುರಾಗಿ ಓಡಿದರೆ ಕಚ್ಚಿಕೊಂಡು ಗ್ರೈಂಡರ್ ಕೈಯಿಂದ ಎಗರುತ್ತದೆ. ಪಕ್ಕದ ಹ್ಯಾಂಡಲ್ ಹಾಕಿಯೇ ಇರಬೇಕು, ಎರಡೂ ಕೈ ಬೇಕು. ಸರಳುಗಳ ಸಂದಿಯಲ್ಲಿ ಬ್ರಶ್ ತುರುಕಬೇಡಿ, ಅಲ್ಲಿಗೆ ಕೈಬ್ರಶ್ಶೇ ಸರಿ. ಕಟಿಂಗ್ ಚಕ್ರದ ಪಕ್ಕದಿಂದ ಉಜ್ಜುವುದಂತೂ ಬೇಡವೇ ಬೇಡ, ಅದು ತೆಳ್ಳಗೆ, ಒಡೆಯುತ್ತದೆ.

ಸುರಕ್ಷತಾ ಕನ್ನಡಕದ ಮೇಲೆ ಮುಖಕ್ಕೂ ಶೀಲ್ಡ್ ಹಾಕಿ. ಬಿಗಿಯಾದ ದಪ್ಪ ಪ್ಯಾಂಟು, ಚರ್ಮದ ಏಪ್ರನ್, ಶೂ. ಲುಂಗಿ, ದುಪಟ್ಟಾ, ಸಡಿಲ ತೋಳು ಬೇಡ. ಹಳೇ ಬಣ್ಣದಲ್ಲಿ ಸೀಸ ಇರಬಹುದು, ಹಾಗಾಗಿ ಧೂಳು ತಡೆಯುವ ಮಾಸ್ಕ್ ಬೇಕು, ಮಕ್ಕಳು ದೂರ ಇರಲಿ.

ಕಬ್ಬಿಣ ಫಳಫಳ ಹೊಳೆಯುವವರೆಗೂ ಬ್ರಶ್ ಹೊಡೆಯುವುದು ಕೆಲವರಿಗೆ ಖುಷಿ. ಆದರೆ ಅಷ್ಟು ನುಣುಪಾದ ಮೈಗೆ ಪ್ರೈಮರ್ ಕಚ್ಚುವುದಿಲ್ಲ, ಅಲ್ವಾ? ಕೊನೆಗೆ 80 ನಂಬರಿನ ಫ್ಲ್ಯಾಪ್ ಡಿಸ್ಕ್ (ಉಜ್ಜುವ ಪಟ್ಟಿಗಳನ್ನು ಜೋಡಿಸಿದ ಚಕ್ರ) ಹಗುರವಾಗಿ ಆಡಿಸಿ ಸ್ವಲ್ಪ ಒರಟು ಮಾಡಿ. ಧೂಳು ಒರೆಸಿ, ಅವತ್ತೇ ರೆಡ್ ಆಕ್ಸೈಡ್ ಪ್ರೈಮರ್ ಬಳಿಯಿರಿ. ನಮ್ಮ ಕರಾವಳಿಯಲ್ಲಿ ರಾತ್ರಿ ಬಿಟ್ಟರೆ ಬೆಳಗ್ಗೆ ಮತ್ತೆ ಕೆಂಪು. ಆಮೇಲೆ ಅಂಗಳದಲ್ಲಿ ಆಯಸ್ಕಾಂತ ಎಳೆದು ಬಿದ್ದ ತಂತಿಗಳನ್ನೆಲ್ಲ ಆರಿಸಿ. ಬರಿಗಾಲಲ್ಲಿ ಓಡಾಡುವ ಮನೆಯವರ ಪಾದಕ್ಕೆ ಅವು ಚುಚ್ಚಿದರೆ ತೆಗೆಯುವುದು ಬಹಳ ಕಷ್ಟ.