ಬಲ್ಬು ಕರೆಂಟ್ ತಿನ್ನುತ್ತದೆಯೇ? ಮಕ್ಕಳ ಉತ್ತರದ ಜಾಡು ಹಿಡಿಯುವ ತಾಲೀಮು

ಟಾರ್ಚ್ ಬಲ್ಬು ಉರಿಯುತ್ತಿದೆ. ಬಲ್ಬಿಗೆ ಹೋಗುವ ವೈರಿನಲ್ಲಿ ಕರೆಂಟ್ ಜಾಸ್ತಿಯೋ, ವಾಪಸ್ ಸೆಲ್ಲಿಗೆ ಬರುವ ವೈರಿನಲ್ಲಿ ಜಾಸ್ತಿಯೋ ಎಂದು ಏಳನೇ ತರಗತಿಯಲ್ಲಿ ಕೇಳಿ ನೋಡಿ. ‘ಹೋಗೋದ್ರಲ್ಲಿ ಜಾಸ್ತಿ ಮಿಸ್. ಬಲ್ಬು ಸ್ವಲ್ಪ ತಿನ್ಕೊಳುತ್ತಲ್ಲ’ ಎನ್ನುವ ಮಕ್ಕಳು ಸಿಕ್ಕೇ ಸಿಗುತ್ತಾರೆ. ‘ಅಲ್ಲ, ಎರಡರಲ್ಲೂ ಒಂದೇ’ ಎಂದು ತಿದ್ದಲು ಎರಡು ಸೆಕೆಂಡು ಸಾಕು. ಮಗು ಅದನ್ನೇ ಪರೀಕ್ಷೆಯಲ್ಲಿ ಬರೆಯುತ್ತದೆ. ಮನಸ್ಸಿನಲ್ಲಿ ಮಾತ್ರ ಬಲ್ಬು ಕರೆಂಟನ್ನು ತಿನ್ನುತ್ತಲೇ ಇರುತ್ತದೆ.

ಸರಿ–ತಪ್ಪು ಹೇಳುವ ಮೊದಲು ಆ ಉತ್ತರ ಯಾವ ಯೋಚನೆಯಿಂದ ಬಂತೆಂದು ಪತ್ತೆಹಚ್ಚಬೇಕು. ಆಮೇಲೆ, ಆ ಯೋಚನೆ ನಿಜವಾಗಿದ್ದರೆ ಒಂದು ಫಲ, ಇಲ್ಲದಿದ್ದರೆ ಇನ್ನೊಂದು ಫಲ ಬರುವಂಥ ಪ್ರಯೋಗವನ್ನು ಮುಂದಿಡಬೇಕು. ಇದು ಓದಿ ಬರುವ ವಿದ್ಯೆಯಲ್ಲ, ಬಾಯಲ್ಲಿ ಆಡಿ ರೂಢಿಯಾಗಬೇಕು. ಶಿಕ್ಷಕರಾಗುವವರ ಬಿ.ಇಡಿ., ಡಿ.ಇಎಲ್.ಇಡಿ. ತರಗತಿಯಲ್ಲಿ ಅಥವಾ ಅಕ್ಕಪಕ್ಕದ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಸಭೆಯಲ್ಲಿ ಒಂದೂವರೆ ಗಂಟೆ ಸಿಕ್ಕರೆ ಮಾಡಬಹುದಾದ ತಾಲೀಮು ಇಲ್ಲಿದೆ.

ಸಾಮಾನು

ಮೂವರ ಗುಂಪಿಗೆ 1.5 ವೋಲ್ಟಿನ ದೊಡ್ಡ ಟಾರ್ಚ್ ಸೆಲ್ 2, 2.5 ವೋಲ್ಟಿನ ತಂತಿ ಬಲ್ಬು 2, ಸುಮಾರು 20 ಸೆಂ.ಮೀ. ಉದ್ದದ ವೈರು 4. ಇಡೀ ಕೋಣೆಗೆ ಕರೆಂಟ್ ಅಳೆಯುವ, 0–500 ಮಿಲಿ ಆಂಪಿಯರಿನ ಮುಳ್ಳಿನ ಮೀಟರು ಒಂದಿದ್ದರೆ ಆಯಿತು. ಅಂಗಡಿಯವರು ಬಲ್ಬಿನ ಬದಲು ಎಲ್‌ಇಡಿ ಕೊಟ್ಟರೆ ಬೇಡವೆನ್ನಿ: ಅದು ಒಂದು ಸೆಲ್ಲಿಗೆ ಉರಿಯುವುದಿಲ್ಲ, ತಿರುಗಿಸಿ ಹಿಡಿದರಂತೂ ಎಷ್ಟು ಸೆಲ್ಲಿದ್ದರೂ ಉರಿಯುವುದಿಲ್ಲ. ಈ ಪಾಠದಲ್ಲಿ ಅದು ಬೇಡದ ಗೊಂದಲ. ವೈರಿನ ಎರಡೂ ತುದಿಯಲ್ಲಿ 2 ಸೆಂ.ಮೀ. ಪ್ಲಾಸ್ಟಿಕ್ ಸುಲಿದಿರಬೇಕು. ಮೋಟಾರ್ ಸುತ್ತುವ ತಾಮ್ರದ ತಂತಿಯಾದರೆ ಮೇಲಿನ ವಾರ್ನಿಷನ್ನು ಮರಳು ಕಾಗದದಿಂದ ಉಜ್ಜಿ ತೆಗೆಯಿರಿ. ತಾಮ್ರದ ಹೊಳಪು ಕಂಡ ಮಾತ್ರಕ್ಕೆ ಅದು ಬರಿ ತಾಮ್ರವಲ್ಲ. ‘ಸೆಲ್ ಸತ್ತಿದೆ’ ಎಂಬ ಎಷ್ಟೋ ದೂರುಗಳ ಮೂಲ ಈ ವಾರ್ನಿಷೇ.

ಮೊದಲು ಶಿಕ್ಷಕರೇ ಉರಿಸಲಿ

ಒಂದು ಸೆಲ್, ಒಂದು ಬಲ್ಬು, ಒಂದೇ ಒಂದು ವೈರು, ಹತ್ತು ನಿಮಿಷ. ಬಲ್ಬ್ ಹೋಲ್ಡರನ್ನು ಕೊಡಬೇಡಿ. ಬಲ್ಬಿಗೆ ಎರಡು ಸಂಪರ್ಕ ಬಿಂದುಗಳಿವೆ, ಒಂದು ಬುಡದ ಮೊಟ್ಟು, ಇನ್ನೊಂದು ಪಕ್ಕದ ಲೋಹದ ಕವಚ. ಹೋಲ್ಡರು ಇದನ್ನೇ ಮುಚ್ಚಿಬಿಡುತ್ತದೆ. ಪದವಿ ಪಡೆದವರೂ ಇಲ್ಲಿ ತಡವರಿಸುತ್ತಾರೆ. ಮೊಟ್ಟನ್ನು ಸೆಲ್ಲಿನ ಒಂದು ತುದಿಗೆ ಒತ್ತಿ, ಇನ್ನೊಂದು ತುದಿಯಿಂದ ಬಂದ ವೈರನ್ನು ಕವಚಕ್ಕೆ ಮುಟ್ಟಿಸಿದರೆ ಉರಿಯುತ್ತದೆ. ಹಾಗೆ ತಡವರಿಸಿದ್ದು ಒಳ್ಳೆಯದೇ. ಮಗುವಿನ ಉತ್ತರವನ್ನು ನೋಡುವ ಕಣ್ಣು ಅಲ್ಲಿಂದಲೇ ಬದಲಾಗುತ್ತದೆ. ಒಂದು ಎಚ್ಚರಿಕೆ: ವೈರು ಸೆಲ್ಲಿನ ಎರಡು ತುದಿಯನ್ನೂ ನೇರ ಮುಟ್ಟಿದರೆ ಬಿಸಿಯಾಗಿ ಬೆರಳು ಸುಡುತ್ತದೆ, ಸೆಲ್ಲೂ ಬೇಗ ಮುಗಿಯುತ್ತದೆ. ಬಿಸಿ ತಗುಲಿದ ಕೂಡಲೇ ಕೈಬಿಡಬೇಕು.

ನಾಲ್ಕು ಚೀಟಿ

ಎರಡು ವೈರಿನ ಆ ಪ್ರಶ್ನೆಗೆ ಮಕ್ಕಳು ಕೊಡುವ ನಾಲ್ಕು ಬಗೆಯ ಉತ್ತರಗಳನ್ನು ಒಂದೊಂದು ಚೀಟಿಯಲ್ಲಿ ಬರೆದಿಡಿ, ಕೊನೆಯ ಆಟಕ್ಕೆ ಬೇಕು.

ಕ: ‘ಒಂದು ವೈರಲ್ಲೇ ಕರೆಂಟ್ ಬರೋದು ಸರ್, ಇನ್ನೊಂದು ಸುಮ್ನೆ ಇರುತ್ತೆ.’
ಖ: ‘ಪ್ಲಸ್ಸಿಂದ ಒಂದು, ಮೈನಸ್ಸಿಂದ ಒಂದು ಬಂದು ಡಿಕ್ಕಿ ಹೊಡೀತವೆ. ಅದಕ್ಕೇ ಬೆಳಕು.’
ಗ: ‘ಬಲ್ಬು ಸ್ವಲ್ಪ ತಿನ್ಕೊಂಡು ಉಳಿದಿದ್ದು ವಾಪಸ್ ಕಳಿಸುತ್ತೆ.’
ಘ: ‘ಎರಡರಲ್ಲೂ ಅಷ್ಟೇ ಇರುತ್ತೆ.’

ಮಾತು ನಮ್ಮದಾದರೂ ವಿಂಗಡಣೆ ನಮ್ಮದಲ್ಲ. 1980ರ ದಶಕದ ಆರಂಭದಲ್ಲಿ ನ್ಯೂಜಿಲೆಂಡಿನ ವಿಜ್ಞಾನ ಶಿಕ್ಷಣ ಸಂಶೋಧಕ ರೋಜರ್ ಆಸ್ಬಾರ್ನ್ ಮಕ್ಕಳನ್ನು ಮಾತಾಡಿಸಿ ಗುರುತಿಸಿದ್ದು ಇವೇ ನಾಲ್ಕು ಬಗೆ.

ಇವು ದಡ್ಡತನದ ಉತ್ತರಗಳಲ್ಲ. ಮನೆಯ ಫ್ಯಾನಿಗೆ, ಮಿಕ್ಸಿಗೆ ಹೋಗುವುದು ಕಣ್ಣಿಗೆ ಒಂದೇ ವೈರು; ಒಳಗಿರುವ ಎರಡು ಮೂರು ತಂತಿ ಕಾಣುವುದಿಲ್ಲ. ಅಲ್ಲಿಂದ ‘ಕ’ ಹುಟ್ಟುತ್ತದೆ. ‘ಗ’ಗೆ ನಮ್ಮ ಭಾಷೆಯೇ ಬೆಂಬಲ. ‘ಎಸಿ ತುಂಬಾ ಕರೆಂಟ್ ಎಳೆಯುತ್ತೆ’, ‘ಕರೆಂಟ್ ಬಿಲ್ ಜಾಸ್ತಿ ಬಂತು’ ಎನ್ನುವ ಮನೆಯಲ್ಲಿ ಬೆಳೆದ ಮಗುವಿಗೆ ಕರೆಂಟ್ ಎಂದರೆ ಖರ್ಚಾಗುವ ವಸ್ತು. ನಿಜಕ್ಕೂ ಖರ್ಚಾಗುವುದೊಂದಿದೆ, ಅದರ ಹೆಸರು ಶಕ್ತಿ. ಮಗು ಕಂಡದ್ದು ಸರಿ, ಹೆಸರು ಬೇರೆಯದರದ್ದು. ಅದು ಗೊತ್ತಿರುವ ಶಿಕ್ಷಕರು ‘ಅಲ್ಲ’ ಎಂದು ಶುರು ಮಾಡುವುದಿಲ್ಲ.

ಕೇಳುವುದು, ಕಾಯುವುದು

ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತೋರಿಸಿಕೊಟ್ಟಂತೆ, ಪ್ರಶ್ನೆ ಕೇಳಿದ ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡೂ ಕಾಯುವುದಿಲ್ಲ. ಮೂರು ಸೆಕೆಂಡು ಕಾದರೆ ಉತ್ತರಗಳು ಉದ್ದವಾಗುತ್ತವೆ, ಬಾಯಿ ಬಿಡದವರೂ ಮಾತಾಡುತ್ತಾರೆ. ಕಾಯಬೇಕಾದ ಜಾಗ ಎರಡು, ನಿಮ್ಮ ಪ್ರಶ್ನೆಯ ನಂತರ ಒಮ್ಮೆ, ಮಗುವಿನ ಉತ್ತರದ ನಂತರ ಇನ್ನೊಮ್ಮೆ. ಎರಡನೆಯದನ್ನೇ ಹೆಚ್ಚು ಮರೆಯುವುದು. ಮನಸ್ಸಿನಲ್ಲಿ ‘ಒಂದಾನೊಂದು ಕಾಲದಲ್ಲಿ’ ಎಂದು ಎರಡು ಸಲ ಹೇಳಿಕೊಂಡರೆ ಮೂರು ಸೆಕೆಂಡಾಗುತ್ತದೆ.

ಆಮೇಲೆ ಕೇಳುವ ಪ್ರಶ್ನೆಗಳು ಸರಳ: ‘ಅದು ಹೇಗೆ ಹೋಗುತ್ತೆ, ಚಿತ್ರ ಬರೆದು ಬಾಣ ಹಾಕು.’ ‘ತಿನ್ನುತ್ತೆ ಅಂದೆಯಲ್ಲ, ಎಲ್ಲ ತಿನ್ನುತ್ತೋ ಸ್ವಲ್ಪವೋ?’ ‘ನೀನು ಹೇಳಿದ ಹಾಗಿದ್ದರೆ ಇನ್ನೊಂದು ಬಲ್ಬು ಸೇರಿಸಿದಾಗ ಏನಾಗಬೇಕು?’ ಮೂರನೆಯದು ಎಲ್ಲಕ್ಕಿಂತ ಬೆಲೆಯುಳ್ಳದ್ದು, ಅದು ಪ್ರಯೋಗದ ಬಾಗಿಲು ತೆರೆಯುತ್ತದೆ. ‘ಅರ್ಥ ಆಯ್ತಾ?’ ಎಂಬುದನ್ನು ಮರೆತುಬಿಡಿ. ಅದಕ್ಕೆ ಇಡೀ ತರಗತಿ ಒಕ್ಕೊರಲಲ್ಲಿ ‘ಹೂಂ ಸಾರ್’ ಎನ್ನುತ್ತದೆ. ‘ಘ’ ಎಂದ ಮಗುವನ್ನೂ ಹೀಗೇ ಕೇಳಿ. ಅದು ಟ್ಯೂಷನ್ನಿನ ವಾಕ್ಯವಾಗಿರಬಹುದು.

ಯೋಚನೆಗೆ ತಕ್ಕ ಪ್ರಯೋಗ

ಒಂದು ಸೆಲ್, ಒಂದು ಬಲ್ಬಿನ ಮಂಡಲದಲ್ಲಿ ಮೀಟರನ್ನು ಬಲ್ಬಿನ ಮೊದಲು ಸೇರಿಸಿ ಓದಿ, ನಂತರ ಬಲ್ಬಿನ ಆಚೆ ಬದಿಗೆ ಸಾಗಿಸಿ ಓದಿ. ಎರಡು ಕಡೆಯೂ ಮೀಟರಿನ ಪ್ಲಸ್ ತುದಿ, ದಾರಿಯಲ್ಲಿ ಸೆಲ್ಲಿನ ಪ್ಲಸ್ಸಿಗೆ ಹತ್ತಿರವಾಗುವ ಕಡೆಗಿರಲಿ. ಈ ಒಂದೇ ಪ್ರಯೋಗ ಮೂರು ಯೋಚನೆಗಳನ್ನೂ ಪರೀಕ್ಷಿಸುತ್ತದೆ. ‘ಕ’ ನಿಜವಾದರೆ ವಾಪಸ್ ವೈರಿನಲ್ಲಿ ಮುಳ್ಳು ಅಲ್ಲಾಡಬಾರದು. ‘ಖ’ ನಿಜವಾದರೆ ಅದು ಎಡಕ್ಕೆ ತಿರುಗಬೇಕು. ‘ಗ’ ನಿಜವಾದರೆ ಕಡಿಮೆ ತೋರಿಸಬೇಕು. ಮುಟ್ಟುವ ಮೊದಲು ಪ್ರತಿ ಮಗುವೂ ತನ್ನ ಊಹೆಯನ್ನು ನೋಟ್‌ಬುಕ್ಕಿನಲ್ಲಿ ಬರೆದಿರಬೇಕು. ಬರೆಯದಿದ್ದರೆ ಫಲ ಕಂಡ ಮೇಲೆ ‘ನಾನು ಮೊದಲೇ ಹೇಳಿದ್ದೆ’ ಎನ್ನುವವರೇ ಎಲ್ಲರೂ.

ಕೆಡುವುದು ಇಲ್ಲೇ. ಎರಡು ಮೀಟರು ಇಟ್ಟರೆ ಅವೆರಡರ ಸಣ್ಣ ವ್ಯತ್ಯಾಸವೇ ‘ಬಲ್ಬು ತಿಂದಿತು’ ಎಂಬುದಕ್ಕೆ ಸಾಕ್ಷಿಯಾಗಿಬಿಡುತ್ತದೆ, ಆದ್ದರಿಂದ ಒಂದನ್ನೇ ಸಾಗಿಸಿ. ಸೆಲ್ ಹಳೆಯದಾದರೆ ಎರಡನೇ ಓದು ತಾನಾಗಿಯೇ ಕುಸಿಯುತ್ತದೆ. ಮತ್ತೆ ಮೊದಲ ಜಾಗಕ್ಕೆ ತಂದು ಮೂರನೇ ಸಲ ಓದಿದರೆ ಅದು ಬಯಲಾಗುತ್ತದೆ. ಮೀಟರನ್ನು ಎಂದೂ ಬರಿ ಸೆಲ್ಲಿಗೆ ಜೋಡಿಸಬಾರದು, ಸುಟ್ಟುಹೋಗುತ್ತದೆ.

ಮೀಟರಿಲ್ಲದ ಶಾಲೆಯಲ್ಲಿ ಎರಡು ಸೆಲ್ ಹಾಕಿ ಎರಡು ಬಲ್ಬನ್ನು ಒಂದರ ಹಿಂದೆ ಒಂದು ಜೋಡಿಸಿ. ‘ಗ’ ಪ್ರಕಾರ ಮೊದಲ ಬಲ್ಬು ಹೆಚ್ಚು ಬೆಳಗಬೇಕು, ಆದರೆ ಎರಡೂ ಸಮ. ಒಂದು ಮಂದವಾಗಿ ಕಂಡರೆ ಗಾಬರಿ ಬೇಡ, ಬಲ್ಬುಗಳು ಬೇರೆ ಬೇರೆ ಕಂಪನಿಯವು ಇದ್ದಾವು. ಎರಡನ್ನೂ ಅದಲು ಬದಲು ಮಾಡಿ. ಮಂಕು ಬಲ್ಬಿನ ಜೊತೆಗೇ ಹೋದರೆ ದೋಷ ಬಲ್ಬಿನದು, ಜಾಗದಲ್ಲೇ ಉಳಿದರೆ ಮಾತ್ರ ಮಗುವಿನ ವಾದಕ್ಕೆ ಬಲ. ನಮ್ಮ ಮಟ್ಟಿಗೆ ಇಡೀ ಪಾಠದಲ್ಲಿ ಅತ್ಯುತ್ತಮ ವಿಜ್ಞಾನ ನಡೆಯುವುದು ಈ ಅದಲು ಬದಲಿನಲ್ಲಿ.

ಮೂವರ ಆಟ

ಒಬ್ಬರು ಶಿಕ್ಷಕರು, ಒಬ್ಬರು ಚೀಟಿ ಎತ್ತಿದ ವಿದ್ಯಾರ್ಥಿ, ಒಬ್ಬರು ಬರೆಯುವವರು. ಒಂದು ಸುತ್ತಿಗೆ ಆರು ನಿಮಿಷ, ಆಮೇಲೆ ಪಾತ್ರ ಬದಲು. ಸಹೋದ್ಯೋಗಿಯ ಮೇಲಿನ ದಾಕ್ಷಿಣ್ಯಕ್ಕೆ ‘ವಿದ್ಯಾರ್ಥಿ’ ಒಂದೇ ನಿಮಿಷದಲ್ಲಿ ‘ಹೌದು ಮೇಡಂ, ಈಗ ತಿಳೀತು’ ಎಂದುಬಿಡುತ್ತಾರೆ. ಫಲ ಕಣ್ಣಿಗೆ ಕಾಣುವ ತನಕ ಚೀಟಿ ಬಿಟ್ಟುಕೊಡಬಾರದೆಂದು ಮೊದಲೇ ಕರಾರು ಮಾಡಿ. ಬರೆಯುವವರು ‘ಚೆನ್ನಾಗಿ ಪ್ರೋತ್ಸಾಹಿಸಿದರು’ ಎಂದು ಷರಾ ಬರೆದರೆ ಕೆಲಸಕ್ಕೆ ಬಾರದು. ಶಿಕ್ಷಕರ ಬಾಯಿಂದ ಬಂದ ಮಾತನ್ನು ಅಕ್ಷರಶಃ ಇಳಿಸಿ, ಪಕ್ಕದಲ್ಲಿ ತೀರ್ಪು, ಹುಡುಕುವ ಪ್ರಶ್ನೆ, ಪ್ರಯೋಗ ಎಂದು ಗುರುತು ಹಾಕಬೇಕು. ಮೊದಲ ಸುತ್ತಿನಲ್ಲಿ ತೀರ್ಪುಗಳೇ ತುಂಬಿರುವುದುಂಟು. ‘ವೆರಿ ಗುಡ್, ಬೇರೆ ಯಾರು?’ ಕೂಡ ತೀರ್ಪೇ. ಬಯಸಿದ ಉತ್ತರ ಬರಲಿಲ್ಲವೆಂದು ಮಕ್ಕಳು ತಕ್ಷಣ ಓದಿಕೊಳ್ಳುತ್ತಾರೆ.

ನಲವತ್ತು ಮಕ್ಕಳಿರುವ ತರಗತಿಯಲ್ಲಿ ಪ್ರತಿಯೊಬ್ಬರನ್ನೂ ಹೀಗೆ ಮಾತಾಡಿಸಲಾಗದು. ಬಾಣ ಹಾಕಿದ ಚಿತ್ರಗಳನ್ನು ಸಂಗ್ರಹಿಸಿ ನಾಲ್ಕು ರಾಶಿ ಮಾಡಿದರೆ ಹತ್ತು ನಿಮಿಷದ ಕೆಲಸ. ಯಾವ ರಾಶಿಗೂ ಸೇರದ ಚಿತ್ರ ಬಂದರೆ ಬದಿಗಿಡಿ; ಮರುದಿನ ಮೊದಲು ಮಾತಾಡಿಸಬೇಕಾದ ಮಗು ಅದನ್ನು ಬರೆದದ್ದು.